ಬಿಚ್ಚಿದ ಬೈಕಿಗೆ ಆಯುಧ ಪೂಜೆ

ಮನೆಯಲ್ಲಿ ಒಂದು ಹಳೇ ಬೈಕು, ಒಂದು ಸ್ಪ್ಯಾನರ್ ಸೆಟ್ಟು, ಕೈ ಸುಮ್ಮನಿರದ ಒಬ್ಬ ಗಂಡ ಇದ್ದರೆ ಸಾಕು, ನಗುವುದಕ್ಕೆ ಬೇರೆ ಕಡೆ ಹೋಗಬೇಕಿಲ್ಲ. ನಮ್ಮ ಯಜಮಾನರು ಮೇಟಗಳ್ಳಿಯ ಫ್ಯಾಕ್ಟರಿಯೊಂದರ ಸ್ಟೋರ್ಸಿನಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿ ಇವರನ್ನು ಯಾವ ಯಂತ್ರವನ್ನೂ ಮುಟ್ಟಲು ಬಿಡುವುದಿಲ್ಲ. ಆ ಕೊರಗನ್ನೆಲ್ಲಾ ಮನೆಗೆ ಬಂದು ಬೈಕಿನ ಮೇಲೆ ತೀರಿಸಿಕೊಳ್ಳುತ್ತಾರೆ.

ಹೋದ ವರ್ಷ ದಸರಾ ಹತ್ತಿರ ಬಂದಾಗ, ಜಗಲಿಯ ತುಂಬ ಹರಡಿದ್ದ ನಟ್ಟು ಬೋಲ್ಟು ನೋಡಿ ನಮ್ಮತ್ತೆ ಮಗನಿಗೆ ತೀರ್ಪು ಕೊಟ್ಟುಬಿಟ್ಟರು. "ನೋಡಪ್ಪ, ಆಯುಧ ಪೂಜೆ ದಿನ ಈ ಗಾಡಿ ತಾನಾಗೇ ಸ್ಟಾರ್ಟ್ ಆಗಿ ನಿಂಬೆಹಣ್ಣಿನ ಮೇಲೆ ಹತ್ಬೇಕು. ತಳ್ಳಂಗಿಲ್ಲ. ಆಗ್ಲಿಲ್ವಾ, ಗುಜರಿಯವನ್ಗೆ ಕೊಟ್ಬುಡ್ತೀನಿ."

ಯಜಮಾನರಿಗಿಂತ ಹೆಚ್ಚು ಹೆದರಿದವಳು ನಾನು. ಬೈಕ್ ಹೋದರೆ ಇವರ ಕೈ ಮುಂದೆ ಎಲ್ಲಿಗೆ ಬರುತ್ತದೆಂದು ನನಗೆ ಗೊತ್ತಿತ್ತು. ಹಿಂದೊಮ್ಮೆ ನನ್ನ ತಮ್ಮ ಆ ಬೈಕನ್ನು ಇಲವಾಲಕ್ಕೆ ತೆಗೆದುಕೊಂಡು ಹೋಗಿದ್ದಾಗ, ಹೊತ್ತು ಹೋಗದೆ ನನ್ನ ಮಿಕ್ಸಿಯನ್ನು ಸರ್ವಿಸ್ ಮಾಡಿದ್ದರು. ಆಮೇಲೆ ಅದು ಉಲ್ಟಾ ತಿರುಗಿ, ಮುಚ್ಚಳ ಹಾರಿಸಿ, ಚಟ್ನಿಯನ್ನೆಲ್ಲಾ ಗೋಡೆಗೆ ಬಳಿಯಿತು. ಹೀಗಾಗಿ ಬೈಕ್ ಉಳಿಯಲಪ್ಪಾ ಎಂದು ದೇವರಿಗೆ ಹರಕೆ ಹೊತ್ತವಳೂ ನಾನೇ.

ಬಾಗಿಲಿಗೆ ಕಟ್ಟಿದ ವೈರು

ಮೊದಲು ಕ್ಲಚ್ ಕೇಬಲ್. ಹಿಡಿ ಒತ್ತಿದರೆ ಬೆರಳು ನೋಯುವಷ್ಟು ಬಿಗಿಯಾಗಿತ್ತು. ಯಜಮಾನರು ಅದನ್ನು ಕಳಚಿ, ಮೇಲಿನ ತುದಿಗೆ ಪ್ಲಾಸ್ಟಿಕ್ ಕವರನ್ನು ಆಲಿಕೆಯ ಹಾಗೆ ಕಟ್ಟಿ, ಅದಕ್ಕೆ ಆಯಿಲ್ ಸುರಿದು, ಮುಂಬಾಗಿಲಲ್ಲಿ ಗೌರಿ ಹಬ್ಬದ ಒಣ ತೋರಣದ ಪಕ್ಕ ನೇತುಹಾಕಿದರು. ಆಯಿಲ್ ಒಳಗಿನ ತಂತಿಗುಂಟ ನಿಧಾನಕ್ಕೆ ಇಳಿದು ಕೆಳಗಿನ ತುದಿಯಿಂದ ತೊಟ್ಟಿಕ್ಕಬೇಕಂತೆ. ಅದನ್ನು ಹಿಡಿಯಲು ಒಂದು ತೆಂಗಿನ ಕರಟ. ರಂಗೋಲಿಯ ಪಕ್ಕ ಆ ಕರಿ ಎಣ್ಣೆ ಕರಟ ಕಂಡು ಅತ್ತೆ ಮುನಿಸಿಕೊಂಡು ಮಾತೇ ಬಿಟ್ಟರು.

ಮಾರನೇ ಬೆಳಿಗ್ಗೆ ಕರಿಬೇವು ಕೇಳಲು ಬಂದ ಪಕ್ಕದ ಮನೆಯಾಕೆ ಅದನ್ನು ಮೇಲಿಂದ ಕೆಳಗಿನವರೆಗೆ ನೋಡಿ ಕೈಮುಗಿದರು.

"ದೃಷ್ಟಿಗಾ? ಯಾರು ಮಂತ್ರಿಸಿ ಕೊಟ್ರು?"

"ಅಯ್ಯೋ, ಅದು ಬೈಕಿನ ಕ್ಲಚ್ ವೈರು ಕಣ್ರೀ!"

ಅವರು ನಂಬಲಿಲ್ಲ. ದನಿ ತಗ್ಗಿಸಿ, "ನನ್ನ ಹತ್ರ ಯಾಕೆ ಮುಚ್ಚಿಡ್ತೀರಿ? ನಿನ್ನೆ ಸಂಜೆಯಿಂದ ನಿಮ್ಮತ್ತೆ ಧ್ವನೀನೇ ಕೇಳಿಸ್ಲಿಲ್ಲ. ನಮ್ಮತ್ತೆಗೂ ಒಂದು ಕಟ್ಟಿಸ್ಕೊಡಿ" ಎಂದರು.

ಕೊತ್ತಂಬರಿ ಸೊಪ್ಪು

ಆಮೇಲೆ ಆಕ್ಸಿಲರೇಟರ್ ಕೇಬಲ್. ಹೊಸದೊಂದು ತಂದು ತಾವೇ ಹಾಕಿ, "ಒಂದು ರೌಂಡ್ ನೋಡ್ಕೊಂಡು ಬರ್ತೀನಿ" ಎಂದು ಹೊರಟವರಿಗೆ, ಹಾಗೇ ಕೊತ್ತಂಬರಿ ಸೊಪ್ಪು ತನ್ನಿ ಎಂದೆ. ಅಂಗಡಿ ಇರುವುದು ನಮ್ಮ ಬೀದಿಯ ಕೊನೆಯಲ್ಲಿ ಎಡಕ್ಕೆ ತಿರುಗಿದರೆ. ನಡೆದು ಹೋದವರೂ ಸಾರು ಕುದಿಯುವಷ್ಟರಲ್ಲಿ ಬಂದುಬಿಡುತ್ತಾರೆ. ಸಾರು ಕುದಿಯಿತು, ಇಳಿಸಿದೆ, ಆರಿಯೂ ಹೋಯಿತು. ಇವರ ಪತ್ತೆಯಿಲ್ಲ. ಹೆಬ್ಬಾಳದ ಕಡೆಗೆ ಶಿಫ್ಟ್ ಬಸ್ಸುಗಳು ನುಗ್ಗುವ ಹೊತ್ತು ಬೇರೆ. ಒಳಗೆ ನಿಲ್ಲಲಾಗದೆ ಹೊರಗೆ ಬಂದೆ. ಗೇಟಿನ ಬಳಿ ನಿಂತಿದ್ದೆ, ಅಷ್ಟರಲ್ಲಿ ಬಾಡಿದ ಸೊಪ್ಪಿನ ಕಟ್ಟಿನ ಜೊತೆ ಬಂದಿಳಿದರು. ಮೈಕೈ ನೆಟ್ಟಗಿರುವುದು ನೋಡಿ ಹೋದ ಜೀವ ಬಂತು. ಅದರ ಹಿಂದೆಯೇ ಸಿಟ್ಟೂ ಬಂತು.

ಆದದ್ದಿಷ್ಟು. ಕೇಬಲನ್ನು ತಪ್ಪು ಕಡೆಯಿಂದ ಬಿಗಿಯಾಗಿ ಎಳೆದು ಕೂರಿಸಿದ್ದರು. ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಅದು ತಾನಾಗೇ ಜಗ್ಗಿ, ಎಂಜಿನ್ ಬೊಬ್ಬೆ ಹೊಡೆಯುತ್ತಿತ್ತು. ಬಲಕ್ಕೆ ತಿರುಗಿಸಿದರೆ ಏನೂ ತೊಂದರೆಯಿಲ್ಲ.

"ಅದಕ್ಕೇ ಬರೀ ಬಲಕ್ಕೇ ತಿರುಗ್ತಾ ತಿರುಗ್ತಾ, ಬೀದಿ ಬೀದಿ ಸುತ್ಕೊಂಡು ಅಂಗಡಿಗೆ ಹೋಗಿ ಬಂದೆ" ಎಂದರು.

ಒಳಗಿಂದ ಅತ್ತೆ ಮೌನ ಮುರಿದರು. "ಇಷ್ಟು ಪ್ರದಕ್ಷಿಣೆ ಬೆಟ್ಟದ ತಾಯಿಗೆ ಹಾಕಿದ್ರೆ ಪುಣ್ಯನಾದ್ರೂ ಬರ್ತಿತ್ತಲ್ಲಪ್ಪ!"

ಹಬ್ಬದ ಬೆಳಿಗ್ಗೆ

ಆ ಕೇಬಲನ್ನೂ ಸರಿಮಾಡಿದರು. ಇನ್ನು ಗೆದ್ದೆವು ಎನ್ನುವಾಗ, ಹಬ್ಬದ ಹಿಂದಿನ ದಿನ ಕಾರ್ಬುರೇಟರ್ ಸೋರತೊಡಗಿತು. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವ ಡಬ್ಬಿ ಅದು. ಯಜಮಾನರು ಅದನ್ನು ಬೈಕಿನಿಂದ ಬಿಚ್ಚಿ, ಒಳಗಿನ ಸಾಮಾನೆಲ್ಲಾ ತೊಳೆದು, ಹಬ್ಬದ ಬೆಳಿಗ್ಗೆ ಸ್ಟೀಲ್ ತಟ್ಟೆಯಲ್ಲಿ ಬಿಸಿಲಿಗಿಟ್ಟು ಸ್ನಾನಕ್ಕೆ ಹೋದರು. ಅದರಲ್ಲಿ ಜೆಟ್ ಎಂಬ ಹಿತ್ತಾಳೆಯ ಪುಟ್ಟ ತುಂಡೊಂದಿದೆ. ಮಧ್ಯೆ ಸಣ್ಣ ತೂತು. ಪೆಟ್ರೋಲ್ ಹೋಗಬೇಕಾದದ್ದು ಅದರೊಳಗಿಂದಲೇ.

ಸ್ನಾನ ಮುಗಿಸಿ ಬಂದರೆ ತಟ್ಟೆಯ ತುಂಬ ಗಂಧ, ಕುಂಕುಮ, ಚೆಂಡು ಹೂವು!

"ಗಾಡಿ ಹೊಟ್ಟೇನೇ ಈಚೆಗೆ ತೆಗ್ದಿಟ್ಟಿದ್ದೀಯ. ಬರೀ ಚಕ್ರಕ್ಕೆ ಪೂಜೆ ಮಾಡಿದ್ರೆ ಆಯ್ತದಾ?" ಎಂದರು ಅತ್ತೆ.

ಯಜಮಾನರು ಎಲ್ಲವನ್ನೂ ಒರೆಸಿ ಜೋಡಿಸಿದರು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದ್ದಾಯಿತು. ಅಕ್ಕಪಕ್ಕದವರು ಬಂದು ನಿಂತರು. ಇವರು ಕಿಕ್ಕರ್ ಒದ್ದರು. ಬೈಕ್ ಉಸಿರೆತ್ತಲಿಲ್ಲ. ಒದ್ದೇ ಒದ್ದರು. ಹಬ್ಬದ ಹೊಸ ಅಂಗಿ ಬೆವರಿಗೆ ಒದ್ದೆಯಾಯಿತು. ಬೂದುಗುಂಬಳ ಹಿಡಿದು ನಿಂತಿದ್ದ ಅತ್ತೆ, "ನಾಳೆ ಗುಜರಿಯವನು ಬತ್ತಾನೆ, ಬುಡು" ಎಂದರು. ನನಗೆ ಅಳುವೇ ಬಂತು.

ಯಜಮಾನರು ಮತ್ತೆ ಕಾರ್ಬುರೇಟರ್ ಬಿಚ್ಚಿದರು. ಜೆಟ್ಟನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರೆ ತೂತಿನಲ್ಲಿ ಬೆಳಕೇ ಇಲ್ಲ. ಒಳಗೆ ಗಂಧ ಒಣಗಿ ಕಲ್ಲಾಗಿತ್ತು. ಪೆಟ್ರೋಲಿನಲ್ಲಿ ಅದ್ದಿ, ಹಳೇ ಕೇಬಲಿನ ಒಂದೆಳೆಯಿಂದ ಮೆಲ್ಲಗೆ ಚುಚ್ಚಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು, ತಿರುಗಿ ಜೋಡಿಸಿ ಒದ್ದರು. ಬೈಕ್ ಗುಡುಗುಡು ಎಂದಿತು. ನಿಂಬೆಹಣ್ಣು ಪಚಕ್ ಎಂದಿತು. ಅಬ್ಬಾ, ನನಗಾದ ನೆಮ್ಮದಿ ಅಷ್ಟಿಷ್ಟಲ್ಲ! ಬೈಕೂ ಉಳಿಯಿತು, ನನ್ನ ಅಡುಗೆಮನೆಯೂ ಉಳಿಯಿತು. ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟೆ.

ಒಂದು ಸುತ್ತು ಹೋಗಿ ಬಂದ ಯಜಮಾನರು ಬೈಕ್ ಆಫ್ ಮಾಡಿ ಕೇಳಿದರು. "ಅಲ್ಲಮ್ಮ, ಅಷ್ಟೊಂದು ಸಾಮಾನಿತ್ತು. ಹೋಗಿ ಹೋಗಿ ಆ ತೂತಿಗ್ಯಾಕೆ ಗಂಧ ತುಂಬಿದೆ?"

ಅತ್ತೆ ಮಗನನ್ನು ಕನಿಕರದಿಂದ ನೋಡಿದರು.

"ಎಲ್ಲಕ್ಕೂ ಹಣೆಗೇ ಇಟ್ಟೆ ಕಣಪ್ಪ. ಅದರ ಹಣೆ ಎಲ್ಲೈತೆ ಅಂತ ಎಷ್ಟು ಹುಡುಕಿದ್ರೂ ಗೊತ್ತಾಗ್ಲಿಲ್ಲ. ಬಾಯಿ ಕಾಣ್ತು, ಅಲ್ಲಿಗೇ ಇಟ್ಬುಟ್ಟೆ."