ನೀರುಗಂಟಿ ಮಾವನ ವೈಫೈ

ನಮ್ಮ ಮಾವನವರಿಗೆ ವೈಫೈ ರಿಪೇರಿ ಚೆನ್ನಾಗಿ ಬರುತ್ತದೆ. ಗೊತ್ತಿಲ್ಲದಿರುವುದು ಒಂದೇ, ವೈಫೈ ಅಂದರೆ ಏನು ಅನ್ನುವುದು!

ಹೊಸದುರ್ಗದ ನಮ್ಮ ಬೀದಿಗಳಿಗೆ ಮೂವತ್ತು ವರ್ಷ ನೀರು ಬಿಟ್ಟ ನೀರುಗಂಟಿ ಅವರು. ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ ಈಗಲೂ ಬಾಗಿಲ ಹಿಂದೆ ಒರಗಿ ನಿಂತಿದೆ. ಹಾಗಾಗಿ ಗೋಡೆಯ ತೂತಿನಿಂದ ಏನೇ ಒಳಗೆ ಬಂದರೂ ಅವರ ಪ್ರಕಾರ ಅದು ನೀರು. ಬಿ.ಎಸ್ಸಿ. ಓದಿದ ಸೊಸೆಯಾದ ನಾನು ಒಂದು ದಿನ ತಿದ್ದಲು ಹೋದೆ. "ಇದು ಸಿಗ್ನಲ್ಲು ಮಾವ, ನೀರಲ್ಲ" ಅಂದೆ. "ಕಣ್ಣಿಗೆ ಕಾಣ್ತೈತಾ?" ಅಂದರು. ಇಲ್ಲ ಅಂದೆ. "ಪೈಪೊಳಗಿನ ನೀರೂ ಕಾಣಲ್ಲ ಕಣವ್ವ" ಅಂದರು. ನನ್ನ ಬಿ.ಎಸ್ಸಿ. ಅಲ್ಲಿಗೆ ಮುಗಿಯಿತು.

ವೈಫೈ ನಮ್ಮ ಮನೆಗೆ ಬಂದದ್ದೇ ಅತ್ತೆಗಾಗಿ. ಲಕ್ವ ಹೊಡೆದ ಮೇಲೆ ಅವರ ಕೈಕಾಲು ಬೇಗ ಸರಿಹೋದವು, ಮಾತು ಮಾತ್ರ ವಾಪಸ್ಸು ಬರಲಿಲ್ಲ. ಬೀದಿಯ ಆ ತುದಿಗೂ ಕೇಳುವಂತೆ ಮಾವನನ್ನು ಬೈಯುತ್ತಿದ್ದ ಬಾಯಲ್ಲಿ ಈಗ "ಹ್ಞೂಂ" ಬಿಟ್ಟರೆ ಬೇರೆ ಶಬ್ದವಿಲ್ಲ. ದಾವಣಗೆರೆಯ ಮೇಡಂ ಒಬ್ಬರು ದಿನಾ ನಾಲ್ಕು ಗಂಟೆಗೆ ವಿಡಿಯೋದಲ್ಲಿ ಮಾತು ಕಲಿಸುತ್ತಾರೆ. ಅವರ ತುಟಿ ನೋಡಿಕೊಂಡು ಅತ್ತೆ ತುಟಿ ಆಡಿಸಬೇಕು. ಚಿತ್ರ ನಿಂತರೆ ಪಾಠವೂ ನಿಂತಂತೆ. ಅದು ದಿನಾ ನಿಲ್ಲುತ್ತಿತ್ತು.

ಮಾವ ತನಿಖೆಗೆ ಇಳಿದರು. ರೂಟರ್ ಇದ್ದದ್ದು ಟಿವಿಯ ಹಿಂದೆ, ನೆಲದ ಹತ್ತಿರ, ರಾಗಿ ತುಂಬಿದ ಸ್ಟೀಲ್ ಡ್ರಮ್ಮಿನ ಮರೆಯಲ್ಲಿ. "ಟ್ಯಾಂಕ್ ತಂದು ಗುಂಡಿಯಾಗೆ ಇಟ್ಟೀರಲ್ಲ, ಓದಿದೋರು" ಎಂದು ಅದನ್ನು ಬೀರುವಿನ ತಲೆಯ ಮೇಲೆ ಕೂರಿಸಿದರು. ಅತ್ತೆ ಕೂರುವ ನಡುಮನೆಗೆ ಸಿಗ್ನಲ್ ಬಂದೇಬಿಟ್ಟಿತು! ನಾವು ತಡೆಯದಿದ್ದರೆ ಜೋಗಿಮಟ್ಟಿ ಬೆಟ್ಟದ ತುದಿಗೆ ಇಟ್ಟು ಬರುತ್ತಿದ್ದರೋ ಏನೋ.

ಅಷ್ಟಾದರೂ ನೆಟ್ ಆಗಾಗ ತೂಕಡಿಸುತ್ತಿತ್ತು. ಆಗ ಮಾವ "ಪೈಪಿನಾಗೆ ಗಾಳಿ ಹಿಡ್ಕಂಡೈತೆ" ಎಂದು ಸ್ವಿಚ್ ಆರಿಸಿ, ಎಲೆ ಅಡಿಕೆ ಹಾಕಿಕೊಂಡು, ನಿಧಾನವಾಗಿ ಅಗಿದು ಮುಗಿಸಿ, ಮತ್ತೆ ಸ್ವಿಚ್ ಹಾಕುತ್ತಿದ್ದರು. ನಾನು ಬುದ್ಧಿವಂತಳಾಗಿ ಕಂಪನಿಗೆ ಫೋನ್ ಮಾಡಿದೆ. "ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡ್ರಿ ಮೇಡಂ" ಅಂದ ಆ ಕಡೆಯವನು. ಮಾವ ಎಲೆ ಅಡಿಕೆಯ ತಟ್ಟೆಯನ್ನು ನನ್ನತ್ತ ಸರಿಸಿದರು.

ಆಮೇಲೆ ಸೋರಿಕೆಯ ಪ್ರಕರಣ. ಎದುರುಮನೆಯ ಟೈಲರ್‌ಗೆ ನಮ್ಮ ಪಾಸ್‌ವರ್ಡ್ ಗೊತ್ತಿತ್ತು. ನಾನು ಬದಲಿಸಿದೆ. ಮಾವ ಹೋಗಿ ಹೊಸದನ್ನೂ ಹೇಳಿ ಬಂದರು! ಯಾಕೆ ಅಂತ ಕೇಳಿದರೆ, "ಒಂದು ಮನೆಗೆ ನೀರು ನಿಲ್ಸಿ ನಂಗೆ ಅಭ್ಯಾಸ ಇಲ್ಲವ್ವ. ನಾಕರಿಂದ ಐದು ಬಿಟ್ಟು ಉಳಿದಾಗ ಹಿಡ್ಕಳಪ್ಪ ಅಂತ ಹೇಳೀನಿ" ಅಂದರು. ಟೈಲರ್ ಪುಣ್ಯಾತ್ಮ, ನಾಲ್ಕಾದರೆ ಸಾಕು, ಮೊಬೈಲನ್ನು ಬಟ್ಟೆಯ ಗಂಟಿನೊಳಗೆ ತುರುಕಿ ಹೊಲಿಯುತ್ತ ಕೂರುತ್ತಾನೆ.

ಮನೆಯವರಾದ ನಮಗೆ ಇನ್ನೂ ಕಟ್ಟುನಿಟ್ಟು. ಮಧ್ಯಾಹ್ನ ಎರಡರಿಂದ ಯಾರೂ ಮೊಬೈಲ್ ಮುಟ್ಟುವಂತಿಲ್ಲ. "ನಾಕಕ್ಕೆ ತುಂಬಿರ್ಬೇಕು" ಎಂಬುದು ಅವರ ಕಾನೂನು. ಇಂಟರ್ನೆಟ್ ತುಂಬುವುದಿಲ್ಲ ಮಾವ ಎಂದು ಹೇಳಲು ಒಂದು ದಿನ ಬಾಯಿ ತೆರೆದೆ. ಅವರು ಬೀರುವಿನ ಮುಂದೆ ಕುರ್ಚಿ ಹಾಕಿಕೊಂಡು, ರೂಟರಿನ ಹಸಿರು ದೀಪವನ್ನೇ ನೋಡುತ್ತ ಕೂತಿದ್ದರು. ನಾನು ನನ್ನ ಮೊಬೈಲ್ ಆರಿಸಿ ಪಕ್ಕಕ್ಕಿಟ್ಟೆ.

ಹೋದ ತಿಂಗಳು ಒಂದು ದಿನ ಪಾಠದ ನಡುವೆ ಚಿತ್ರ ಮತ್ತೆ ನಿಂತಿತು. ಎಲೆ ಅಡಿಕೆಗೆ ಪುರುಸೊತ್ತಿಲ್ಲ. ಮಾವ ರೂಟರನ್ನು ವೈರ್ ಸಮೇತ ನಡುಮನೆಯ ಬಾಗಿಲವರೆಗೆ ಎಳೆದು ತಂದು, ಸ್ಟೂಲ್ ಹತ್ತಿ, ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು ನಿಂತರು. ಎಪ್ಪತ್ತು ದಾಟಿದ ಮನುಷ್ಯ, ಒಂದು ಕಾಲು ಗಿಡ್ಡವಾದ ಸ್ಟೂಲು! ಆದರೆ ಚಿತ್ರ ಬಂತು. ಮೇಡಂ ತೆಂಗಿನಕಾಯಿಯ ಚಿತ್ರ ತೋರಿಸಿ, "ಇದೇನು ಹೇಳಿ ಅಮ್ಮ" ಅಂದರು. ಅತ್ತೆ ಅದನ್ನು ನೋಡಲೇ ಇಲ್ಲ. ಅವರ ಕಣ್ಣು ಅಲ್ಲಾಡುತ್ತಿದ್ದ ಸ್ಟೂಲಿನ ಮೇಲಿತ್ತು. ತುಟಿ ಎರಡು ಸಲ ಒದ್ದಾಡಿತು.

"ಇಳೀರಿ" ಅಂದರು. ಆಮೇಲೆ, "ಬೀಳ್... ಬೀಳ್ತೀರಿ."

ಎಂಟು ತಿಂಗಳ ಮೇಲೆ ಬಂದ ಮೊದಲ ಮಾತು. ನನಗೆ ಅಳು ಬಂತು, ಮುಚ್ಚಿಡುವುದೇನು. ಮಾವ ರೂಟರನ್ನು ಗಕ್ಕನೆ ಎದೆಗೆ ಇಳಿಸಿಕೊಂಡ ರಭಸಕ್ಕೆ ವೈರ್ ಕಳಚಿಕೊಂಡಿತು, ಮೇಡಂ ಮಾಯವಾದರು.

"ಮಾವ, ನೆಟ್ ಹೋಯ್ತು" ಅಂದೆ.

"ಹೋಗ್ಲಿ ಬಿಡವ್ವ" ಅಂದರು. ಆದರೆ ಸ್ಟೂಲಿನಿಂದ ಇಳಿಯಲಿಲ್ಲ. ಒದ್ದೆ ಕಣ್ಣಲ್ಲಿ ಅತ್ತೆಯ ಕಡೆ ತಿರುಗಿ, ಮೆಲ್ಲಗೆ ಹೇಳಿದರು.

"ಇಳಿಯಲ್ಲ. ಇನ್ನೊಂದ್ಸಲ ಬೈಯಿ."