ಹಿಪ್ಪೆ ಕಡಿದವರು ಅವರು, ಎಣ್ಣೆ ಕದ್ದವನು ನಾನು

ಮನುಷ್ಯನಿಗೆ ಎಂಥ ಅಪವಾದ ಬೇಕಾದರೂ ಬರಲಿ, ಎಣ್ಣೆ ಕದ್ದ ಅಪವಾದ ಮಾತ್ರ ಬರಬಾರದು. ಬಂಗಾರ ಕದ್ದನೆಂದರೆ ಅದರಲ್ಲಿ ಒಂದು ಗತ್ತಾದರೂ ಇರುತ್ತದೆ. ಜನ ಬೈದರೂ ಒಳಗೊಳಗೇ ಸ್ವಲ್ಪ ಹೆದರುತ್ತಾರೆ. ದೇವರ ದೀಪದ ಎಣ್ಣೆ ಕದ್ದನೆಂದರೆ ಏನಿದೆ? ಎದುರಿಗೆ ಸಿಕ್ಕವರೆಲ್ಲ ಮೊದಲು ತಲೆಯನ್ನೇ ನೋಡುತ್ತಾರೆ, ಮಿರುಗುತ್ತಿದೆಯೇ ಎಂದು. ನನ್ನದೋ ಬೋಳುತಲೆ. ಅದು ಎಣ್ಣೆಯ ಹಂಗಿಲ್ಲದೆ ತಾನಾಗಿಯೇ ಮಿರುಗುತ್ತದೆ. ಊರಿಗೆ ಅಷ್ಟು ಸಾಕ್ಷಿ ಸಾಕಾಯಿತು.

ನಾನು ದೊಡ್ಡೇರಿ ಕಡೆಯ ಒಂದು ಗುಡ್ಡದ ಮೇಲಿನ ಮಲ್ಲೇಶ್ವರನ ಪೂಜಾರಿ. ನಮ್ಮಪ್ಪ, ನಮ್ಮ ತಾತ ಎಲ್ಲರೂ ಅದೇ ಗುಡ್ಡ ಹತ್ತಿ ಇಳಿದವರು. ಆಗ ಇಳಿಜಾರಿನ ತುಂಬ ಹಿಪ್ಪೆ ಮರಗಳಿದ್ದವು. ನಡುನಡುವೆ ನೇರಳೆ, ಕಕ್ಕೆ, ಮುತ್ತುಗ. ಕಾಲಿಗೆ ತೊಡರುವಷ್ಟು ಕಾರೆ, ಎಲಚಿ. ಬೇಸಗೆಯಲ್ಲಿ ಹಿಪ್ಪೆ ಹೂ ಉದುರಿತೆಂದರೆ ಗುಡ್ಡವೆಲ್ಲ ಬೆಲ್ಲದ ಪಾಕದ ವಾಸನೆ. ಆ ಹೂವು ಕರಡಿಗಳ ಪಾಲು. ಆಮೇಲೆ ಬೀಳುವ ಬೀಜ ನಮ್ಮ ಪಾಲು. ಊರಿನ ಹೆಂಗಸರು ಬೀಜ ಆಯ್ದು, ಗಾಣಕ್ಕೆ ಕೊಟ್ಟು, ಬಂದ ಎಣ್ಣೆಯಲ್ಲಿ ಪ್ರತಿ ಮನೆಯಿಂದಲೂ ಒಂದು ಪಾಲನ್ನು ನಂದಾದೀಪಕ್ಕೆಂದು ತಂದು ಗುಡಿಯ ಗಡಿಗೆಗೆ ಸುರಿಯುತ್ತಿದ್ದರು. ಯಾರೂ ಅಳೆಯುತ್ತಿರಲಿಲ್ಲ, ಯಾರೂ ಇಣುಕುತ್ತಿರಲಿಲ್ಲ. ಕರಡಿಯೂ ನಮ್ಮ ತಂಟೆಗೆ ಬರುತ್ತಿರಲಿಲ್ಲ.

ಹೀಗಿರುವಾಗ ಕಾಡಿನ ಸಾಹೇಬರೊಬ್ಬರು ಕುದುರೆ ಮೇಲೆ ಬಂದರು. ಗುಡ್ಡವನ್ನು ಕೆಳಗಿನಿಂದಲೇ ನೋಡಿ, “ಇದೆಲ್ಲ ಕೆಲಸಕ್ಕೆ ಬಾರದ ಕುರುಚಲು” ಎಂದರು. ಇದನ್ನು ಸವರಿ ಸರ್ವೆ ಮರ ನೆಟ್ಟರೆ ಬೆಂಗಳೂರಿಗೆ ಒಳ್ಳೆಯ ಸೌದೆಯಂತೆ. ನಾನು ಕೈಮುಗಿದು, “ಹಿಪ್ಪೆ ಒಂದನ್ನಾದರೂ ಬಿಡಿ ಬುದ್ಧಿ” ಎಂದೆ. ಅವರು ನಗುತ್ತ, “ಪೂಜಾರಿಗಳೇ, ನೀವು ದೇವರನ್ನು ನೋಡಿಕೊಳ್ಳಿ, ಮರಗಳನ್ನು ನಾವು ನೋಡಿಕೊಳ್ಳುತ್ತೇವೆ” ಎಂದರು. ನೋಡಿಕೊಂಡರು ನೋಡಿ! ಒಂದು ಹಿಪ್ಪೆ ಉಳಿಯಲಿಲ್ಲ. ಸರ್ವೆ ಸಾಲಾಗಿ ಎದ್ದು ನಿಂತಿತು, ಡ್ರಿಲ್ಲಿಗೆ ನಿಂತ ಪೊಲೀಸರ ಹಾಗೆ. ಬೆಳೆಯಿತು, ಇಲ್ಲವೆನ್ನುವುದಿಲ್ಲ. ಆದರೆ ಅದರ ಕೆಳಗೆ ಸೂಜಿಯಂಥ ತರಗು ದಪ್ಪಗೆ ಹಾಸಿಕೊಂಡು ಒಂದು ಗರಿಕೆಯೂ ತಲೆಯೆತ್ತಲಿಲ್ಲ. ಹೂವಿಲ್ಲವೆಂದು ಜೇನು ಹೋಯಿತು, ಹಣ್ಣಿಲ್ಲವೆಂದು ಹಕ್ಕಿಗಳು ಹೋದವು. ಮೇಕೆಗಳು ಕೂಡ ಮೂಸಿ ನೋಡಿ ಮುಖ ತಿರುಗಿಸಿದವು. ಮೇಕೆಯೇ ಬೇಡವೆಂದದ್ದನ್ನು ಕಾಡು ಎನ್ನುವುದು ಹೇಗೆ ಸ್ವಾಮಿ? ಗಾಳಿ ಬಂದಾಗ ಬುಸ್ಸೆನ್ನುವುದೊಂದೇ ಅದರ ಕೆಲಸ. ಆ ಕೆಲಸಕ್ಕೆ ಊರಿನಲ್ಲಿ ನಾನೊಬ್ಬನೇ ಸಾಕಾಗಿದ್ದೆ.

ಹಿಪ್ಪೆ ಹೋದ ಮೇಲೆ ದೀಪಕ್ಕೆ ಶಿರಾ ಸಂತೆಯಿಂದ ಎಣ್ಣೆ ಕೊಂಡು ತರಬೇಕಾಯಿತು. ಬಿಟ್ಟಿ ಬಂದ ಎಣ್ಣೆಯನ್ನು ಯಾರೂ ನೋಡುವುದಿಲ್ಲ. ಕೊಂಡ ಎಣ್ಣೆಯ ಮೇಲೆ ಊರಿನ ಕಣ್ಣೆಲ್ಲ ಇರುತ್ತದೆ. ಅಂಥ ಹೊತ್ತಿನಲ್ಲೇ ಬೆಳಗಾಗುವಷ್ಟರಲ್ಲಿ ದೀಪ ಒಣಗಿ, ಗಡಿಗೆಯಲ್ಲಿ ಎಣ್ಣೆ ಇಳಿಯತೊಡಗಿತು. ಪಟೇಲ ಕೆಂಚಪ್ಪನವರು ಜಗಲಿಯ ಮೇಲೆ ನಾಲ್ಕು ಜನರೆದುರಿಗೆ ಕೇಳಿಯೇಬಿಟ್ಟರು: “ಅಲ್ಲ ಅಯ್ನೋರೇ, ಎಣ್ಣೆ ಎಲ್ಲೋಯ್ತದೆ? ಸಿವ ಏನಾದ್ರೂ ಎದ್ದು ಕುಡೀತಾನಾ? ಸೋಮವಾರದೊಳ್ಗೆ ಲೆಕ್ಕ ಒಪ್ಸಿ. ಇಲ್ದಿದ್ರೆ ಗುಡಿ ಬೀಗದ ಕೈಯ ನಿಮ್ಮ ದಾಯಾದಿಗೆ ಕೊಟ್ಬುಡಿ.” ಮೈಯೆಲ್ಲ ಉರಿದುಹೋಯಿತು. ತಾತನ ಕಾಲದಿಂದ ಬಂದ ಪೂಜೆ! ಮನೆಗೆ ಬಂದು ಕೂಗಾಡಿದೆ. ನನ್ನ ಹೆಂಡತಿ ಗೌರಮ್ಮ ಮುದ್ದೆ ತೊಳಸುತ್ತಲೇ, “ನನ್ ಮುಂದ್ಯಾಕೆ ಎಗರಾಡ್ತೀರಿ? ಕದ್ದಿದ್ರೆ ನಮ್ಮನೆ ಸಾರಿಗೆ ಒಂದು ಒಗ್ಗರಣೆನಾದ್ರೂ ಬೀಳ್ತಿತ್ತು ಅಂತ ಅವ್ರಿಗೇ ಹೇಳೋಗಿ” ಎಂದಳು. ಅದು ನನ್ನ ಪರವಾಗಿ ಆಡಿದ ಮಾತೋ, ನನ್ನ ಸಂಪಾದನೆಯ ಮೇಲೆ ಆಡಿದ್ದೋ, ಇವತ್ತಿಗೂ ತಿಳಿದಿಲ್ಲ.

ಪಟೇಲರಿಗೆ ಸೋಮವಾರದವರೆಗೂ ತಡೆಯಲಿಲ್ಲ. ನನ್ನನ್ನು ಕೈಯಾರೆ ಹಿಡಿಯಬೇಕೆಂದು ಭಾನುವಾರ ಮೂಡಲು ಕೆಂಪಾಗುವ ಮೊದಲೇ ಹೋಗಿ ಮಂಟಪದ ಕಲ್ಲು ಬಸವಣ್ಣನ ಹಿಂದೆ ಅಡಗಿದ್ದಾರೆ. ಆ ಮಂಟಪಕ್ಕೆ ಬಾಗಿಲಿರಲಿಲ್ಲ. ದೀಪ, ಗಡಿಗೆ ಎಲ್ಲ ಅಲ್ಲೇ. ನಾನು ಹೂವು ನೀರು ಹಿಡಿದು ಗುಡ್ಡ ಹತ್ತುವ ಹೊತ್ತಿಗೆ ಪಟೇಲರು ಬಸವಣ್ಣನ ಬೆನ್ನೇರಿ ಕುಳಿತಿದ್ದರು. ಕೆಳಗೆ ಕರಡಿಯೊಂದು ಗಡಿಗೆಯೊಳಗೆ ಮೂತಿ ತೂರಿಸಿ ಚಪ್ಪರಿಸುತ್ತಿತ್ತು. “ಅಯ್ನೋರೇ, ನಿಮ್ದೇನೂ ತಪ್ಪಿಲ್ಲ ಕಣ್ರಪ್ಪೋ! ಬಿರ್ರನೆ ಬನ್ನಿ!” ನಾನು ಅವಸರ ಮಾಡಲಿಲ್ಲ. ಬಂಡೆಯ ಮರೆಯಲ್ಲಿ ನಿಂತು, “ಏನಂದ್ರಿ ಪಟೇಲ್ರೇ? ಸರಿಯಾಗಿ ಕೇಳಿಸ್ಲಿಲ್ಲ” ಎಂದೆ. ಅವರು ಮತ್ತೆ ಕೂಗಿದರು. ಆ ಮಾತು ಊರಿಗೂ ಕೇಳಿಸುವವರೆಗೆ ಕೂಗಿಸಿ, ಆಮೇಲೆ ಹೂವಿನ ಬುಟ್ಟಿಯಲ್ಲಿದ್ದ ಕೈಗಂಟೆ ಬಾರಿಸಿದೆ. ಕರಡಿ ಬಾಯಿ ನೆಕ್ಕುತ್ತ ಹೊರಟುಹೋಯಿತು.

ನಾನು ಗೆದ್ದೆನೆಂದುಕೊಂಡೆ. ಸಾಹೇಬರಿಗೂ ಸುದ್ದಿ ಹೋಗಿ, ಅವರೇ ಬಂದರು. ಈಗಲಾದರೂ ತಪ್ಪು ತಿಳಿದೀತು ಎಂದು ನಾನು ಎದೆಯುಬ್ಬಿಸಿ ನಿಂತಿದ್ದರೆ, ಅವರು ಸರ್ವೆ ಸಾಲನ್ನು ನೋಡಿ, “ನೋಡಿದಿರಾ? ಮೊದಲು ಯಾರ ಕಣ್ಣಿಗೂ ಬೀಳದ ಕರಡಿ ಈಗ ಕಾಣಿಸುತ್ತಿದೆ. ಕಾಡು ಚೆನ್ನಾಗಿ ಬಂದಿದೆ ಎಂದು ಅರ್ಥ!” ಎನ್ನಬೇಕೆ! ಹಸಿದವನು ಬಾಗಿಲಿಗೆ ಬಂದು ನಿಂತರೆ ಊರಿನಲ್ಲಿ ಸುಭಿಕ್ಷ ಎಂದ ಹಾಗಾಯಿತು. ಆ ಹೊತ್ತು ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆದರೆ ಮಲ್ಲೇಶ್ವರ ಮೆಚ್ಚುವುದಿಲ್ಲ. ಕಡೆಗೆ ಊರಿನವರು ಮಂಟಪಕ್ಕೆ ಕಬ್ಬಿಣದ ಬಾಗಿಲು ಹಾಕಿಸಿ, ಅದರ ಬೀಗದ ಕೈಯನ್ನೂ ನನಗೇ ಕೊಟ್ಟರು.

ಅಲ್ಲಿಗೆ ಮುಗಿಯಬೇಕಿತ್ತು. ಬಾಗಿಲು ಹಾಕಿಸಿದ ಮೇಲೂ ಕರಡಿ ಬಂತು. ಒಂದು ಸಂಜೆ ನಾನು ಬೀಗ ಹಾಕುವ ಹೊತ್ತಿಗೆ ಬಂಡೆಯ ಮೇಲೆ ಕುಳಿತಿತ್ತು. ಪಕ್ಕೆಯ ಎಲುಬುಗಳು ಎದ್ದು ಕಾಣುತ್ತಿದ್ದವು. ನಾನು ಒಳಗೆ ಸೇರಿಕೊಂಡು ಅಗುಳಿ ಹಾಕಿ, “ಕಳ್ಳ ಮುಂಡೇದೇ, ನಿನ್ನಿಂದ ನನ್ನ ಮಾನ ಹರಾಜಾಯ್ತಲ್ಲೋ! ಹೋಗು, ಕಾಡಿಗೆ ಹೋಗು!” ಎಂದು ಕಂಬಿಯ ಸಂದಿಯಿಂದ ಗದರಿದೆ. ಅದು ಎದ್ದು ಬಂದು ಹೊಸ್ತಿಲಿಗೆ ಹನಿದು ಒಣಗಿದ್ದ ಎಣ್ಣೆಯ ಕಲೆ ನೆಕ್ಕಿತು. ಕಾಡಿಗೆ ಹೋಗು ಎಂದೆನಲ್ಲ, ಯಾವ ಕಾಡಿಗೆ? ಅದು ಮರೆಯಾದ ಮೇಲೆ ಹೊರಗೆ ಬಂದು, ಬಂಡೆಯ ಗುಳಿಗೆ ಗಡಿಗೆಯಿಂದ ಒಂದು ಸೌಟು ಎಣ್ಣೆ ಸುರಿದು ಮನೆಗೆ ಹೋದೆ. ಮರುದಿನ ಸಂಜೆಯೂ ಸುರಿದೆ. ಈಗ ಅದು ದಿನದ ಪೂಜೆಯಲ್ಲೇ ಸೇರಿಹೋಗಿದೆ.

ಮೊನ್ನೆ ಪಟೇಲರು ಗಡಿಗೆಯೊಳಗೆ ಇಣುಕಿ ನೋಡಿದರು. “ಕಬ್ಣದ ಬಾಗ್ಲು ಐತೆ, ಕರಡಿ ಒಳೀಕ್ ಬರಂಗಿಲ್ಲ. ಆದ್ರೂ ಎಣ್ಣೆ ಇಳೀತಾ ಐತಲ್ಲ, ಅಯ್ನೋರೇ?” ಹಿಂದಿನ ಸಲದಂತೆ ಎಗರಾಡಲು ಬಾಯಿ ತೆರೆದವನು ಒಂದು ಸಲ ತಲೆ ಸವರಿಕೊಂಡೆ. ಪಟೇಲರು ಅದನ್ನೇ ನೋಡುತ್ತಿದ್ದರು.