ಕೆಟ್ಟರೆ ಎಷ್ಟು ಹೊತ್ತು

ಹೆಣ್ಣು ನೋಡಲು ಭಾನುವಾರ ನಾಲ್ಕಕ್ಕೆ ಬನ್ನಿ, ನಾಲ್ಕೂವರೆಗೆ ರಾಹುಕಾಲ ಹಿಡಿಯುತ್ತದೆ ಎಂದು ಹುಡುಗಿಯ ತಂದೆ, ಕತ್ರಿಗುಪ್ಪೆಯ ಗಂಗಾಧರಯ್ಯನವರು ಫೋನಿನಲ್ಲಿ ಹೇಳಿದ್ದೇ ಚನ್ನವೀರನ ಕಷ್ಟಕ್ಕೆ ನಾಂದಿ.

ಬಿಳೇಕಹಳ್ಳಿಯ ಕಂಪನಿಯೊಂದರಲ್ಲಿ ಅವನದು ವಿಚಿತ್ರ ಕೆಲಸ. ಕಾರು ಡಿಕ್ಕಿ ಹೊಡೆದಾಗ ಏರ್‌ಬ್ಯಾಗ್ ಉಬ್ಬಿಸುವ ಪ್ರೋಗ್ರಾಮು, ಎಲ್ಲವೂ ಕೆಟ್ಟರೆ ಹೆಚ್ಚೆಂದರೆ ಎಷ್ಟು ಹೊತ್ತು ತೆಗೆದುಕೊಂಡೀತು ಎಂದು ಮೊದಲೇ ಹೇಳಬೇಕು. ದಿನಾ ಎಷ್ಟು ಹೊತ್ತು ಎಂಬುದನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಅವನೂ ಕೇಳುವುದನ್ನು ಬಿಟ್ಟಿದ್ದ. ಹಾಲು ಉಕ್ಕುವುದಕ್ಕೂ ಅವನಲ್ಲಿ ಇದೇ ಲೆಕ್ಕ.

ಭಾನುವಾರ ಹೊರಟಾಗ ಹನ್ನೆರಡೂ ಆಗಿರಲಿಲ್ಲ. ಬಿಟಿಎಂನ ಮನೆ ಮಾಲೀಕ ಮುನಿಯಣ್ಣ, ತನ್ನ ಹಳೆಯ ರಾಗಿ ಹೊಲದಲ್ಲಿ ಎದ್ದ ಮೂರು ಮಹಡಿಯ ಮನೆಯ ಗೇಟಿಗೆ ಒರಗಿ ನಿಂತಿದ್ದ.

"ಕತ್ರಿಗುಪ್ಪೆಗೆ ಈಗ್ಲೇನಾ? ಎತ್ತಿನಗಾಡೀಲೂ ಇಷ್ಟೊತ್ತು ಬೇಕಾಗ್ತಿರ್ಲಿಲ್ಲ ಕಣಪ್ಪ."

"ಬಸ್ ಕೆಟ್ಟರ? ಬನಶಂಕರಿ ಹತ್ರ ಮೆರವಣಿಗಿ ಬಂದ್ರ? ಎಲ್ಲಾ ಒಮ್ಮೆಲೇ ಆಗ್ತದಂತ ಹಿಡಿದೀನ್ರಿ."

ಯಾವುದೂ ಆಗಲಿಲ್ಲ. ಬಸ್ಸು ಬೀಗರು ಕಳಿಸಿದ ಕಾರಿನಂತೆ ಕಾದು ನಿಂತಿತ್ತು. ಸಿಗ್ನಲ್ಲುಗಳು ಉದ್ದಕ್ಕೂ ಹಸಿರು ತೋರಣ ಕಟ್ಟಿದವು. ಒಂದು ಗಂಟೆಗೆ ಮುಂಚೆಯೇ ಕತ್ರಿಗುಪ್ಪೆ ತಲುಪಿ ಅವರ ಬೀದಿಯ ತುದಿಯಲ್ಲಿ ಕಳ್ಳನಂತೆ ಅಡ್ಡಾಡುತ್ತಿದ್ದವನನ್ನು ಹುಡುಗಿಯ ತಾಯಿ ಲಕ್ಷ್ಮಿದೇವಮ್ಮ ಫೋಟೋದ ಗುರುತಿನಿಂದ ಹಿಡಿದರು. ಊಟದ ಹೊತ್ತಿಗೆ ಬಂದವನನ್ನು ಬೀದಿಯಲ್ಲಿ ಬಿಡುವುದುಂಟೆ? ಹೋಳಿಗೆ ಎರಡಾಯಿತು, ನಾಲ್ಕಾಯಿತು, ಸಾಕೆಂದಾಗಲೆಲ್ಲ ಇನ್ನೊಂದಾಯಿತು. ಕೆಲಸವೇನೆಂದು ಕೇಳಿದರು. ಹೇಳಿದ, ಬಹಳ ವಿವರವಾಗಿಯೇ ಹೇಳಿದ. ನಾಲ್ಕರವರೆಗೆ ಕಾಣಿಸಿಕೊಳ್ಳಬಾರದೆಂದು ಅಡುಗೆಮನೆ ಸೇರಿದ್ದ ಹುಡುಗಿ ಹೇಮಶ್ರೀಗೂ ಕೇಳಿಸಿತು.

ಇನ್ನೂ ಹೊತ್ತಿದೆ, ಕೋಣೆಯಲ್ಲಿ ಒಂದು ಗಳಿಗೆ ಒರಗಿ ಎಂದರು ಗಂಗಾಧರಯ್ಯ. ಒರಗಿದ.

ಎದ್ದಾಗ ಗೋಡೆಯ ಗಡಿಯಾರದಲ್ಲಿ ನಾಲ್ಕೂಮುಕ್ಕಾಲು. ದಡಬಡಿಸಿ ಹೊರಗೆ ಬಂದ. "ಯಾಕ ಎಬ್ಬಿಸಲಿಲ್ರಿ?"

"ಅಳಿಯ ಆಗೋರನ್ನ ನಿದ್ದೇಲಿ ಎಬ್ಬಿಸ್ಬಾರ್ದು ಅಂದ್ಬಿಟ್ರು ನಮ್ಮತ್ತೆ," ಎಂದರು ಲಕ್ಷ್ಮಿದೇವಮ್ಮ, ತಪ್ಪು ತಮ್ಮದೇ ಎಂಬಂತೆ.

ರಾಹುಕಾಲ ಕಳೆಯುವ ತನಕ ಕಾಯುತ್ತೇನೆ ಎಂದು ಚನ್ನವೀರ ಅಂಗಲಾಚಿದ. ಅಷ್ಟರಲ್ಲಿ ಹೇಮಶ್ರೀ ರಾಹುಕಾಲವನ್ನೂ ಲೆಕ್ಕಿಸದೆ ಕಾಫಿ ಹಿಡಿದು ಬಂದಳು.

"ಕಾಯೋದೇನೂ ಬೇಡ. ನಾಲ್ಕಕ್ಕೆ ಸರಿಯಾಗಿ ಎಲ್ರೂ ಕೋಣೆ ಬಾಗಿಲಲ್ಲಿ ನಿಂತು ನಿಮ್ಮನ್ನ ನೋಡಿದ್ವಿ. ಅಜ್ಜಿ ಒಪ್ಪಿದ್ರು. ನಾನೂ ಒಪ್ಪಿದ್ದೆ."

ಚನ್ನವೀರನ ಮುಖ ಹೋಳಿಗೆಯಂತೆ ಅರಳಿತು.

"ಆಮೇಲೆ ಗೊರಕೆ ಶುರುವಾಯ್ತು."

"ದಿನಾ ಹಿಂಗ ಇರಂಗಿಲ್ರಿ. ಇದು ಹೋಳಿಗಿ ಗೊರಕಿ."

"ದಿನಾ ಹೆಂಗಿರುತ್ತೆ ಅಂತ ಯಾರೂ ಕೇಳಲ್ಲ ಅಂತ ನೀವೇ ಹೇಳಿದ್ರಲ್ಲ," ಎಂದಳು ಹೇಮಶ್ರೀ, ಲೋಟವನ್ನು ಮೆತ್ತಗೆ ಅವನ ಕೈಗಿಡುತ್ತ. "ಕೆಟ್ಟರೆ ಎಷ್ಟು ಅನ್ನೋದೇ ಲೆಕ್ಕ."